ತೋಟದೊಳಗೇ ಹಲಸಿನ ದಿಮ್ಮಿ ಕೊಯ್ಯುವುದು: ಬಾರ್, ಚೈನ್, ಮೂರು ಹಲಗೆ

ಜುಲೈ ಗಾಳಿಗೆ ಬಿದ್ದ ಹಲಸಿನ ಮರವನ್ನು ಹಲಗೆ ಮಾಡುವ ಕೆಲಸ ಕೊನೆಗೂ ಶುರುವಾಗಿದೆ. ಈವರೆಗೆ ಮೂರು ಹಲಗೆ ಆಗಿದೆ. ಯಾವ ಚೈನ್ ಸಾ ಮೆಷಿನ್, ಎಷ್ಟು ಉದ್ದದ ಬಾರ್ (ಚೈನ್ ಸುತ್ತುವ ಉದ್ದನೆಯ ಲೋಹದ ಪಟ್ಟಿ) ಎಂದು ತೀರ್ಮಾನಿಸಲಿಕ್ಕೇ ನನಗೆ ಎರಡು ತಿಂಗಳು ಬೇಕಾಯ್ತು. ಅದನ್ನೇ ಮೊದಲು ಬರೆಯುತ್ತೇನೆ.

ಪೆರ್ಲದ ಹತ್ತಿರ ನಮ್ಮ ತೋಟ ಗುಡ್ಡೆಯ ಬುಡದಲ್ಲಿದೆ. ಲಾರಿ ಬಿಡಿ, ಪಿಕಪ್ ಕೂಡ ಅಂಗಳದಿಂದ ಕೆಳಗೆ ಇಳಿಯುವುದಿಲ್ಲ. ದಿಮ್ಮಿಯನ್ನು ಮೇಲಕ್ಕೆ ಎಳೆದರೆ ದಾರಿಯಲ್ಲಿರುವ ಫಸಲು ಕೊಡುವ ಅಡಿಕೆ ಮರಗಳು ಹೋಗುತ್ತವೆ. ಅಜ್ಜ ನೆಟ್ಟ ಹಲಸು ಅದು. ತುಂಡು ಮಾಡಿ ಸೌದೆಗೆ ಹಾಕಲು ಮನಸ್ಸು ಬರಲಿಲ್ಲ. ಹಾಗಾಗಿ ಬಿದ್ದಲ್ಲೇ ಕೊಯ್ದು, ಹಲಗೆಯನ್ನು ಹೊತ್ತು ತರುವುದು ಎಂದಾಯ್ತು. ಚೈನ್ ಸಾದ ಬಾರಿಗೆ ಕಟ್ಟುವ ಅಲಾಸ್ಕನ್ ಮಿಲ್ ಎಂಬ ಚೌಕಟ್ಟು ಇದಕ್ಕೆ ಸರಿಯಾದ ಸಾಧನ. ಬಾರ್ ಅಡ್ಡಕ್ಕೆ ಮಲಗಿದ ಹಾಗೆ ದಿಮ್ಮಿಯ ಉದ್ದಕ್ಕೆ ಸಾಗುತ್ತದೆ, ದಪ್ಪ ಒಂದೇ ಸಮ ಬರುತ್ತದೆ.

ಮನೆಯಲ್ಲಿದ್ದದ್ದು 45 ಸಿಸಿ ಮೆಷಿನ್, 18 ಇಂಚಿನ ಬಾರ್. ಕೊಂಬೆ ಕಡಿಯಲು ಬೇಕಾದಷ್ಟಾಯ್ತು. ಉದ್ದಕ್ಕೆ ಕೊಯ್ಯುವ ಲೆಕ್ಕವೇ ಬೇರೆ. ಅಡ್ಡ ತುಂಡು ಮಾಡುವಾಗ ಎಂಜಿನ್ ಅರ್ಧ ನಿಮಿಷ ದುಡಿದು ಉಸಿರು ಬಿಡುತ್ತದೆ. ಇಲ್ಲಿ ಹತ್ತು ಹದಿನೈದು ನಿಮಿಷ ಪೂರ್ತಿ ಥ್ರಾಟಲ್‌ನಲ್ಲೇ ಇರಬೇಕು. ಒಂದು ಸಣ್ಣ ತುಂಡಿನಲ್ಲಿ ನೋಡಿದೆ. ಒಂದೂವರೆ ಅಡಿ ಹೋಗುವಷ್ಟರಲ್ಲಿ ಮುಟ್ಟಲಾಗದಷ್ಟು ಬಿಸಿ. ನಿಲ್ಲಿಸಿದೆ.

ದಿಮ್ಮಿಯ ಬುಡದ ಸುತ್ತಳತೆ 84 ಇಂಚು. ಅಂದರೆ ವ್ಯಾಸ ಸುಮಾರು 27. ಉದ್ದ 8 ಅಡಿ. ಬಾರಿನ ಉದ್ದವಷ್ಟೂ ಕೊಯ್ಯಲು ಸಿಗುವುದಿಲ್ಲ. ಎರಡೂ ಕಡೆ ಸೇರಿ ಚೌಕಟ್ಟಿನ ಹಿಡಿಕೆಗೆ ನಾಲ್ಕೈದು ಇಂಚು ಹೋಗುತ್ತದೆ. 27 ಇಂಚಿನ ದಿಮ್ಮಿಗೆ 36 ಇಂಚಿನ ಬಾರ್ ಬೇಕು. ಅಷ್ಟು ದೊಡ್ಡ ಬಾರ್ ಎಳೆಯಲು 90 ಸಿಸಿ ಆಸುಪಾಸಿನ ಎಂಜಿನ್ ಬೇಕು. ಸ್ಟಿಲ್ ಎಂಎಸ್ 661 (91.1 ಸಿಸಿ), ಹಸ್ಕ್ವರ್ನಾ 395 (93.6 ಸಿಸಿ) ಆ ಸಾಲಿನವು. ಅದಕ್ಕೇ ದುಡ್ಡು ಹೊಂದಿಸುವ ಯೋಚನೆಯಲ್ಲಿದ್ದೆ.

ಆಗ ಮರಗೆಲಸದ ನಮ್ಮ ಆಚಾರ್ರು ತೋಟಕ್ಕೆ ಬಂದು ದಿಮ್ಮಿಯ ಕೊಯ್ದ ಮುಖ ನೋಡಿದರು. "ನಿಮಗೆ ಬೇಕಾದ್ದು ಹಳದಿ, ಬಿಳಿ ಅಲ್ಲ. ಹಳದಿ ಎಷ್ಟಿದೆ ಅಳೆದಿದ್ದೀರಾ?" ಎಂದು ಕೇಳಿದರು. ಅಳೆದಿರಲಿಲ್ಲ. ಟೇಪ್ ಹಿಡಿದರೆ ಹಳದಿ ತಿರುಳು ಅಗಲ ಇರುವಲ್ಲಿ 17 ಇಂಚು. ಸುತ್ತಲಿನ ಬಿಳಿ ಭಾಗಕ್ಕೆ ಹೇಗೂ ಹುಳ ಹಿಡಿಯುತ್ತದೆ, ಬಾಗಿಲಿಗೂ ಆಗದು, ಬೆಂಚಿಗೂ ಆಗದು. ಅದನ್ನು ಹಲಗೆಯಲ್ಲಿ ಉಳಿಸಿಕೊಳ್ಳಲಿಕ್ಕೆಂದೇ ನಾನು ದೊಡ್ಡ ಬಾರ್ ಹುಡುಕುತ್ತಿದ್ದೆ! ಎರಡು ಪಕ್ಕವನ್ನು ಮೊದಲೇ ಕೈಯಲ್ಲಿ ಸವರಿ ತೆಗೆದು ಅಗಲವನ್ನು 19 ಇಂಚಿಗೆ ಇಳಿಸಿದರೆ 25 ಇಂಚಿನ ಬಾರ್ ಸಾಕು. ಅದಕ್ಕೆ 70 ಸಿಸಿ ಸಾಕು. ಸ್ಟಿಲ್ ಎಂಎಸ್ 382 ತಂದೆ. 72.2 ಸಿಸಿ, 3.9 ಕಿಲೋವ್ಯಾಟ್. ಆಚಾರ್ರ ಆ ಒಂದು ಪ್ರಶ್ನೆಯಿಂದ ನನಗೆ ಉಳಿದ ದುಡ್ಡು ಸಣ್ಣದಲ್ಲ.

ಚೈನ್ ಕೊಳ್ಳುವಾಗ ಮೂರು ಅಂಕೆ ಸರಿಯಾಗಿ ಹೊಂದಬೇಕು: ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ, ಇಂಚಿನಲ್ಲಿ), ಗೇಜ್ (ಡ್ರೈವ್ ಲಿಂಕ್‌ನ ದಪ್ಪ), ಡ್ರೈವ್ ಲಿಂಕ್‌ಗಳ (ಬಾರಿನ ಗ್ರೂವಿನೊಳಗೆ, ಅಂದರೆ ಅಂಚಿನ ಸೀಳಿನೊಳಗೆ ಓಡುವ ಕೊಂಡಿಗಳ) ಸಂಖ್ಯೆ. ನನ್ನ ಬಾರಿಗೆ 3/8 ಪಿಚ್, 1.6 ಮಿಮೀ ಗೇಜ್, 84 ಲಿಂಕ್. ಪೇಟೆಯ ಅಂಗಡಿಯಲ್ಲಿ ಕೊಟ್ಟದ್ದು 1.5ರದ್ದು. ಹಾಕಿದರೆ ಕೂರುತ್ತದೆ, ಆದರೆ ಗ್ರೂವಿನಲ್ಲಿ ಆಚೀಚೆ ಅಲ್ಲಾಡುತ್ತದೆ. ಅಡ್ಡ ಕಡಿಯಲು ನಡೆದೀತು, 8 ಅಡಿ ನೇರ ಕೊಯ್ಯಲು ನಡೆಯದು. ಸ್ಟಿಲ್ ಚೈನ್ ಆದರೆ ಡ್ರೈವ್ ಲಿಂಕ್ ಮೇಲೆ ಸಣ್ಣ ಅಂಕೆ ಒತ್ತಿರುತ್ತದೆ. 6 ಎಂದಿದ್ದರೆ 1.6, 5 ಎಂದಿದ್ದರೆ 1.5. ಹಿಂದೆ ಹೋಗಿ ಬದಲಾಯಿಸಿ ತಂದೆ.

ಹಲ್ಲಿನ ಕೋನದ್ದು ಇನ್ನೂ ಮುಖ್ಯ. ಸಾಮಾನ್ಯ ಚೈನ್‌ಗೆ 30 ಡಿಗ್ರಿ ಇರುತ್ತದೆ. ಉದ್ದಕ್ಕೆ ಕೊಯ್ಯಲು 10 ಡಿಗ್ರಿ ಒಳ್ಳೆಯದು. ಮೇಲ್ಮೈ ನಯವಾಗುತ್ತದೆ, ಬಾರ್ ಪಕ್ಕಕ್ಕೆ ಎಳೆಯುವುದು ಕಮ್ಮಿ. ಅಂಥ ಚೈನ್ ಸಿಗಲಿಲ್ಲ. ಇದ್ದದ್ದನ್ನೇ 5.2 ಮಿಮೀ ಫೈಲ್‌ನಲ್ಲಿ ಹತ್ತಕ್ಕೆ ತಂದೆ. ಒಂದು ಸಂಜೆ ಪೂರ್ತಿ ಅದಕ್ಕೇ ಹೋಯ್ತು. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವ, ಅದರ ಮುಂದಿನ ಉಬ್ಬನ್ನು ಮುಟ್ಟಲಿಲ್ಲ, ಅದು ಹಲ್ಲಿಗಿಂತ 0.65 ಮಿಮೀ ತಗ್ಗು ಇತ್ತು.

ಡಿಸೆಂಬರ್ 7, ಭಾನುವಾರ. ಮೊದಲು ತೊಗಟೆ ಪೂರ್ತಿ ಕೆತ್ತಿದೆವು. ನಮ್ಮ ಕೆಂಪು ಮಣ್ಣು ಅದರ ಸಂದಿಯಲ್ಲೆಲ್ಲ ತುಂಬಿತ್ತು, ಚೈನ್‌ಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ. ಅಲ್ಯುಮಿನಿಯಂ ಏಣಿಯನ್ನು ದಿಮ್ಮಿಯ ಮೇಲೆ ಮಟ್ಟ ನೋಡಿ ಸ್ಕ್ರೂ ಹೊಡೆದು ಕೂರಿಸಿ, ಅದರ ಮೇಲೆ ಮಿಲ್ ಜಾರಿಸಿದೆ. ಮೊದಲ ಕೊಯ್ತ 14 ನಿಮಿಷ. ತಮ್ಮ ಹಿಂದಿನಿಂದ ಅಡಿಕೆ ಮರದ ಬೆಣೆ ಹೊಡೆಯುತ್ತಾ ಬಂದ. ಇಲ್ಲದಿದ್ದರೆ ಮೇಲಿನ ಹಲಗೆ ಕೂತು ಬಾರ್ ಸಿಕ್ಕಿಹಾಕಿಕೊಳ್ಳುತ್ತದೆ. ಕೊನೆ ಮುಟ್ಟಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದೆರಡು ನಿಮಿಷ ನಿಧಾನ ಓಡಲಿ, ತಣ್ಣಗಾಗಲಿ.

ಮೇಲಿನ ತುಂಡು ಎತ್ತಿದಾಗ ಒಳಗಿನ ಆ ಹಳದಿ! ಅರಿಶಿನ ಕಲಸಿದ ಹಾಗೆ. ತಮ್ಮನೂ ನಾನೂ ಸುಮ್ನೆ ನೋಡುತ್ತಾ ನಿಂತೆವು. ಗಾಳಿ ಬೆಳಕಿಗೆ ಅದು ಕಂದಾಗುತ್ತದೆ ಅಂತ ಗೊತ್ತು, ಆದರೂ.

ಪ್ರತಿ ಕೊಯ್ತಕ್ಕೆ ಸುಮಾರು 9 ಮಿಮೀ ಮರ ಹುಡಿಯಾಗಿ ಹೋಗುತ್ತದೆ. ಬ್ಯಾಂಡ್ ಸಾ ಮಿಲ್ಲಿನಲ್ಲಾದರೆ ಎರಡು ಮೂರು ಮಿಮೀ ಅಷ್ಟೆ. ಹಾಗಾಗಿ ತೆಳು ಹಲಗೆಯ ಆಸೆ ಬಿಟ್ಟು ಎಲ್ಲವನ್ನೂ 2 ಇಂಚು ದಪ್ಪ ಮಾಡುತ್ತಿದ್ದೇನೆ. ಹುಡಿ ನುಣ್ಣಗೆ ಇರುವುದರಿಂದ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಮಾಸ್ಕ್ ಇಲ್ಲದೆ ನಿಲ್ಲಲೇಬಾರದು. ಎರಡು ಕೊಯ್ತಕ್ಕೊಮ್ಮೆ ಚೈನ್‌ಗೆ ಫೈಲ್ ಬೇಕು, ಬಾರನ್ನೂ ಆಗಾಗ ಮಗುಚಿ ಹಾಕಬೇಕು, ಒಂದೇ ಕಡೆ ಸವೆಯಬಾರದಲ್ವಾ?

ಮೂರು ಹಲಗೆಯೂ ಈಗ ಕೊಟ್ಟಿಗೆಯ ಪಕ್ಕ ನೆರಳಲ್ಲಿವೆ. ನಡುವೆ ಒಂದಿಂಚಿನ ರೀಪು, ತುದಿಗಳಿಗೆ ಆಯಿಲ್ ಪೈಂಟ್. ಎರಡನೆಯದಕ್ಕೆ ಪೈಂಟ್ ಹಾಕಲು ಮೂರು ದಿನ ತಡ ಮಾಡಿದೆ, ಒಂದು ಗೇಣು ಬಿರುಕು ಬಂದಿದೆ. ದಿಮ್ಮಿಯಲ್ಲಿ ಇನ್ನೂ ನಾಲ್ಕು ಹಲಗೆ ಇದೆ. ಬರುವ ಭಾನುವಾರ ಕವಲಿನ ತುಂಡಿಗೆ ಕೈ ಹಾಕುವುದಿಲ್ಲ, ಬುಡವನ್ನೇ ಮುಗಿಸುತ್ತೇನೆ. ಈ ಸಲ ಪೈಂಟ್ ಡಬ್ಬವನ್ನು ತೋಟಕ್ಕೇ ತೆಗೆದುಕೊಂಡು ಹೋಗುವುದು.