ಅಜ್ಜ ದಾಟಿ ಬಂದ ಇಸವಿಗಳು

ಅಜ್ಜ ಹುಟ್ಟಿದ್ದು 1945ರಲ್ಲಿ. ಹಿರೋಷಿಮಾ ಮೇಲೆ ಬಾಂಬ್ ಬಿದ್ದ ವರ್ಷ. 1969ರ ಜುಲೈ 21ರಂದು ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ನಮ್ಮಲ್ಲಿ ಬೆಳಿಗ್ಗೆ. ದಾವಣಗೆರೆಯ ಕಾಟನ್ ಮಿಲ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ಬಂದ ಅಜ್ಜ ಗಾಢ ನಿದ್ದೆಯಲ್ಲಿದ್ದರಂತೆ. ನಾವು ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಇಸವಿಗಳನ್ನೆಲ್ಲ ಅವರು ದುಡಿಯುತ್ತಲೇ ದಾಟಿದ್ದಾರೆ, ಅಲ್ವಾ?

1989ರಲ್ಲಿ ಬರ್ಲಿನ್ ಗೋಡೆ ಬಿತ್ತು. ಇಲ್ಲಿ ಮಿಲ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಆ ವಯಸ್ಸಲ್ಲಿ ಅಜ್ಜ ಮಂಡಕ್ಕಿ ಭಟ್ಟಿಯ ಬಿಸಿಯಲ್ಲಿ ನಿಂತು ಮನೆ ನಡೆಸಿದರು. ಎಷ್ಟು ಜಾಸ್ತಿ ಕಷ್ಟ ಅದು! ಒಂದು ದಿನವೂ ಗೊಣಗಲಿಲ್ಲ.

1997ರಲ್ಲಿ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅವತ್ತು ಮನೆಮಂದಿಗೆಲ್ಲ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದಿದ್ದರಂತೆ. ಅವರನ್ನು ಅಷ್ಟು ಖುಷಿಯಾಗಿ ಬೇರೆ ಯಾವತ್ತೂ ನೋಡಿಲ್ಲ ಅಂತ ಅಮ್ಮ ಈಗಲೂ ಹೇಳುತ್ತಾರೆ.