ನೋವು ಮೊಣಕಾಲಿನಲ್ಲಿ, ತೊಂದರೆ ಸೊಂಟದಲ್ಲಿ

ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಭಾನುವಾರದ ನಡಿಗೆಗೆ ಹೋದಾಗಲೆಲ್ಲ ನನಗಿಂತ ಮುಂದೆ ಓಡುತ್ತಿದ್ದ 11 ವರ್ಷದ ಮಗ, ಅಂದು ಹಿಂದೆ ಉಳಿದಿದ್ದ. ತಿರುಗಿ ನೋಡಿದರೆ ಬಲಪಾದವನ್ನು ಹೊರಮುಖ ಮಾಡಿಕೊಂಡು ಕಾಲೆಳೆಯುತ್ತ ಬರುತ್ತಿದ್ದ. “ಅಮ್ಮಾ, ಮೊಣಕಾಲು ನೋಯ್ತೈತಿ” ಎಂದ.

ಪಿಟ್ಯುಟರಿ ಗ್ರಂಥಿಯಲ್ಲಿ ಬೆಳವಣಿಗೆ ಹಾರ್ಮೋನ್ ಸಾಕಷ್ಟು ಉತ್ಪತ್ತಿಯಾಗುತ್ತಿಲ್ಲವೆಂದು ತಿಳಿದ ಮೇಲೆ, ಅವನಿಗೆ ಹತ್ತು ತಿಂಗಳಿಂದ ಪ್ರತಿ ರಾತ್ರಿ ಇಂಜೆಕ್ಷನ್ ಕೊಡುತ್ತಿದ್ದೆವು. ಔಷಧಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ್ದರಿಂದ ಏಪ್ರಿಲ್‌ನಲ್ಲಿ ಕರೆಂಟ್ ಹೋದಾಗಲೆಲ್ಲ ನನ್ನ ಜೀವ ಫ್ರಿಜ್‌ನಲ್ಲಿರುತ್ತಿತ್ತು. ಮೊದಲು ವರ್ಷಕ್ಕೆ ನಾಲ್ಕು ಸೆಂಟಿಮೀಟರ್ ಕೂಡ ಬೆಳೆಯದವನು ಈ ಹತ್ತು ತಿಂಗಳಲ್ಲಿ ಎಂಟು ಬೆಳೆದಿದ್ದ. ಮನೆಮಂದಿಯ ಕಣ್ಣೆಲ್ಲ ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆಗಳ ಮೇಲಿತ್ತು.

ಅಡ್ಡಪರಿಣಾಮಗಳನ್ನು ಬೆಂಗಳೂರಿನ ವೈದ್ಯರು ಮೊದಲ ದಿನವೇ ಬಿಡಿಸಿ ಹೇಳಿದ್ದರು: ತಲೆಯೊಳಗಿನ ಒತ್ತಡ ಏರಿ ತಲೆನೋವು, ವಾಂತಿ, ಕಣ್ಣು ಮಂಜಾಗುವುದು; ರಕ್ತದ ಸಕ್ಕರೆ ಏರುವುದು; ಥೈರಾಯ್ಡ್ ಕೊರತೆ ಬಯಲಿಗೆ ಬರುವುದು; ಬೆನ್ನುಮೂಳೆ ಮೊದಲೇ ವಕ್ರವಾಗಿದ್ದರೆ ಅದು ಹೆಚ್ಚುವುದು. ಮೂರನೆಯ ವಾರ ತಲೆನೋವು ಬಂದಾಗ ನಾವು ಓಡಿಹೋಗಿ ಕಣ್ಣಿನ ಹಿಂಭಾಗ ಪರೀಕ್ಷೆ ಮಾಡಿಸಿದ್ದೆವು, ಏನೂ ಇರಲಿಲ್ಲ. ಅಲ್ಲಿಗೆ ಗಂಡಾಂತರ ಕಳೆಯಿತೆಂದುಕೊಂಡದ್ದೇ ನನ್ನ ತಪ್ಪು.

“ಬೆಳೆಯೋ ಹುಡುಗ್ರಿಗೆ ಕಾಲು ಸೆಳೀತಾವಮ್ಮ” ಎಂದು ಅತ್ತೆ ಎಣ್ಣೆ ಬಿಸಿ ಮಾಡಿ ತಿಕ್ಕಿದರು. ಹತ್ತಿರದ ಕ್ಲಿನಿಕ್‌ನಲ್ಲಿ ಮೊಣಕಾಲಿನ ಎಕ್ಸ್‌ರೇ ತೆಗೆದು, ಎಲ್ಲ ಸರಿಯಿದೆಯೆಂದು ನೋವಿನ ಮಾತ್ರೆ ಕೊಟ್ಟರು. ಅವರು ಬೇರೆ ಔಷಧಿಯ ಬಗ್ಗೆ ಕೇಳಲಿಲ್ಲ, ನಾನೂ ಇಂಜೆಕ್ಷನ್ ವಿಷಯ ಎತ್ತಲಿಲ್ಲ.

ಬುಧವಾರ ರಾತ್ರಿ ಇಂಜೆಕ್ಷನ್ ಪೆನ್ ಹಿಡಿದು ಕೂತಾಗ, ತೊಡೆ ಸಡಿಲವಾಗಲೆಂದು ಅವನ ಬಲ ಮೊಣಕಾಲನ್ನು ಎದೆಯ ಕಡೆಗೆ ಮಡಿಸಿದೆ. ಅದು ನೇರವಾಗಿ ಮೇಲೆ ಬರದೆ, ಯಾರೋ ಪಕ್ಕಕ್ಕೆ ಎಳೆದಂತೆ ತಾನಾಗಿಯೇ ಹೊರಕ್ಕೆ ವಾಲಿತು. ಎಡಗಾಲು ಹಾಗೆ ಮಾಡಲಿಲ್ಲ. ಫೈಲು ತೆಗೆದು ನೋಡಿದರೆ ವೈದ್ಯರ ಚೀಟಿಯ ಕೊನೆಯ ಸಾಲು ಅಲ್ಲೇ ಇತ್ತು: ಕುಂಟುವುದು, ಸೊಂಟ ಅಥವಾ ಮೊಣಕಾಲು ನೋವು ಕಂಡರೆ ಕೂಡಲೇ ತಿಳಿಸಿ. ಫೋನ್ ಮಾಡಿದೆ. “ಇವತ್ತಿನ ಇಂಜೆಕ್ಷನ್ ಕೊಡಬೇಡಿ, ಅವನನ್ನ ಒಂದು ಹೆಜ್ಜೆನೂ ನಡೆಸಬೇಡಿ ಅಮ್ಮಾ. ಬೆಳಿಗ್ಗೆನೇ ಎರಡೂ ಸೊಂಟದ ಎಕ್ಸ್‌ರೇ ಆಗಬೇಕು” ಎಂದರು.

ಮರುದಿನ ಮೂಳೆ ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ತೊಡೆಮೂಳೆಯ ಗುಂಡುತಲೆಯು, ರುಮಾಲು ಹಿಂದಕ್ಕೆ ಜಾರಿದ ಹಾಗೆ, ಬೆಳವಣಿಗೆ ಫಲಕದ, ಅಂದರೆ ಮಕ್ಕಳ ಮೂಳೆ ಉದ್ದವಾಗುವ ಮೃದುವಾದ ಪದರದ, ಜಾಗದಲ್ಲಿ ತುಸು ಸರಿದಿತ್ತು. ಸೊಂಟದ ಕೀಲಿಗೆ ಹೋಗುವ ನರದ ಕವಲೇ ಮೊಣಕಾಲಿಗೂ ಹೋಗುವುದರಿಂದ ಮಗು ನೋವನ್ನು ಅಲ್ಲಿ ತೋರಿಸುತ್ತದಂತೆ. ಇದಕ್ಕೆಲ್ಲ ಇಂಜೆಕ್ಷನ್ನೇ ಕಾರಣವೆನ್ನಲಾಗದು; ಹಾರ್ಮೋನ್ ಕೊರತೆಯಿಂದಲೇ ಆ ಫಲಕ ದುರ್ಬಲವಾಗಿರುತ್ತದೆ, ಅದರ ಮೇಲೆ ದಿಢೀರ್ ಬೆಳವಣಿಗೆಯ ಭಾರ ಬೀಳುತ್ತದೆ ಎಂದು ಅವರು ವಿವರಿಸಿದರು. “ಆ ಸೂಜಿ ಬೇಡ ಅಂತ ನಾನು ಅವತ್ತೇ ಹೇಳಿದ್ದೆ” ಎಂದ ಅತ್ತೆಗೆ ಇದನ್ನು ತಿಳಿಸಿ ಹೇಳುವುದು ಶಸ್ತ್ರಚಿಕಿತ್ಸೆಯ ಒಪ್ಪಿಗೆಗೆ ಸಹಿ ಹಾಕುವುದಕ್ಕಿಂತ ಕಷ್ಟವಾಯಿತು.

ಮೂಳೆ ಇನ್ನಷ್ಟು ಜಾರದಂತೆ ಅಂದೇ ಒಂದು ಸ್ಕ್ರೂ ಹಾಕಿದರು. ಹಲವು ವಾರ ವಾಕರ್, ಮನೆಯಲ್ಲೇ ಪಾಠ. ಇಂಜೆಕ್ಷನ್ ನಿಂತಿತು, ಮೂಳೆ ಕೂಡಿಕೊಂಡದ್ದನ್ನು ನೋಡಿ, ಎರಡೂ ವೈದ್ಯರು ಮಾತಾಡಿಕೊಂಡ ಮೇಲಷ್ಟೇ ಮತ್ತೆ ಶುರುವಾಯಿತು. ಎಡ ಸೊಂಟವೂ ಜಾರುವ ಸಾಧ್ಯತೆ ಇರುವುದರಿಂದ, ಈಗ ಪ್ರತಿ ರಾತ್ರಿ ಪೆನ್ನಿನ ಮುಚ್ಚಳ ತೆಗೆಯುವ ಮುನ್ನ ಅವನ ಎಡ ಮೊಣಕಾಲನ್ನು ಎದೆಗೆ ಮಡಿಸಿ ನೋಡುತ್ತೇನೆ. “ನೆಟ್ಟಗೈತಮ್ಮಾ, ಹಾಕು” ಎನ್ನುತ್ತಾನೆ.