ಅಮ್ಮನ ಹೆಬ್ಬೆಟ್ಟು

ಇವತ್ತು ಅಮ್ಮನ ಜೊತೆ ಬಿಪಿಎಲ್ ಕಾರ್ಡಿಗೆ ಅರ್ಜಿ ಹಾಕಲು ಹೋಗಿದ್ದೆ. ಇದು ಮೂರನೇ ಸಲ. ಮೊದಲ ಸಲ ಸರ್ವರ್ ಇರಲಿಲ್ಲ. ಎರಡನೇ ಸಲ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಅದು ನಡೆಯುವುದು 5 ವರ್ಷ ಮಾತ್ರ. ನಾಡಕಚೇರಿಯಲ್ಲಿ ಹೊಸದು ಮಾಡಿಸಿಕೊಂಡು ಬಂದೆವು.

ಇವತ್ತು ಎಲ್ಲ ಕಾಗದ ಸರಿ ಇತ್ತು. ಆದರೆ ಮಷಿನ್ ಅಮ್ಮನ ಬೆರಳನ್ನೇ ತೆಗೆದುಕೊಳ್ಳಲಿಲ್ಲ. ಹೆಬ್ಬೆಟ್ಟು, ತೋರುಬೆರಳು, ಬಲಗೈ, ಎಡಗೈ. ಅಮ್ಮ ಸೆರಗಿಗೆ ಒರೆಸಿಕೊಂಡು ಮತ್ತೆ ಮತ್ತೆ ಒತ್ತಿದಳು. ಇಪ್ಪತ್ತು ವರ್ಷ ಮನೆಮನೆಯ ಪಾತ್ರೆ ತಿಕ್ಕಿದ ಕೈ. ಗೆರೆ ಎಲ್ಲಿ ಉಳಿದಿರುತ್ತೆ? ಕೌಂಟರಿನ ಹುಡುಗಿ ಬೇಸರ ಮಾಡಿಕೊಳ್ಳಲಿಲ್ಲ. "ಅಮ್ಮಾ, ಸ್ವಲ್ಪ ಕೂತ್ಕೊಳ್ಳಿ, ಒದ್ದೆ ಬಟ್ಟೇಲಿ ಒರೆಸಿ ನೋಡೋಣ" ಅಂದಳು. ಏಳನೇ ಸಲಕ್ಕೆ ಬಂತು. ಅಮ್ಮನ ಮುಖ ನೋಡಬೇಕಿತ್ತು ನೀವು.

ವರ್ಷದ ಆದಾಯ 1.2 ಲಕ್ಷದೊಳಗೆ ಇರಬೇಕು ಅನ್ನುತ್ತದೆ ನಿಯಮ. ನಮ್ಮದು ಕಡಿಮೆಯೇ. ಆದರೂ ಅಮ್ಮ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದಳು, ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಅಂತ. ನನಗೆ ಜಾಸ್ತಿ ನೋವಾಗಿದ್ದು ಅದಕ್ಕೇ. ತಿಂಗಳಿಗೆ ತಲಾ 5 ಕೆಜಿ ಧಾನ್ಯ ಹಕ್ಕು ಅಂತಲೇ 2013ರ ಆಹಾರ ಭದ್ರತಾ ಕಾಯ್ದೆ ಹೇಳುತ್ತದೆ. ಹಕ್ಕು ಕೇಳೋಕೆ ನಾಚಿಕೆ ಯಾಕೆ, ಅಲ್ವಾ?

ದಾರಿಯಲ್ಲಿ ಅಮ್ಮನಿಗೆ ಇದನ್ನೇ ಹೇಳಿದೆ. "ಅದೆಲ್ಲ ಇರ್ಲಿ, ಮೊದಲು ಕಾರ್ಡ್ ಬರ್ಲಿ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಕ್ಕಿ ಬಂದ್ರೆ ಉಳಿದ ದುಡ್ಡಲ್ಲಿ ನಿನ್ನ ತಮ್ಮಂಗೆ ದಿನಾ ಒಂದು ಮೊಟ್ಟೆ ಕೊಡಬಹುದು" ಅಂದಳು.

ಕಾರ್ಡ್ ಕೊಡೋ ಮೊದಲು ಅಧಿಕಾರಿಗಳು ಮನೆ ನೋಡೋಕೆ ಬರುತ್ತಾರಂತೆ. ಕಾಯುತ್ತಿದ್ದೇವೆ.